ನೋಡಿ ಬರುವುದಾ, ಅಲ್ಲೇ ಇರುವುದಾ?

ಸರಸ್ವತಿಪುರಂ, ಮೈಸೂರು
ಭಾನುವಾರ

ಚಿರಂಜೀವಿ ಪುಟ್ಟುವಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಅದನ್ನೂ ಕ್ಷೇಮದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇವೆ.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತೇ ಉತ್ತರ ಹೇಳಬಹುದಿತ್ತು. ಆದರೆ ಸ್ಪೀಕರ್ ಆನ್ ಇತ್ತು, ನಿನ್ನ ಪಕ್ಕದಲ್ಲಿ ನಮ್ಮ ಸೊಸೆ, ನಿನ್ನ ಹೆಂಡತಿ, ಕೂತಿದ್ದಳು. ಅದಕ್ಕೇ ಕಾಗದ. ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿ ಬೇರೆಯವರ ಕಾಗದ ಮುಟ್ಟಿಸಿದವನು ನಾನು, ನನ್ನದೂ ಒಂದು ಹೋಗಲಿ.

ಸೊಸೆಯ ಮೊದಲ ಮದುವೆಯ ಮಗ, ಮಂಡ್ಯದಲ್ಲಿ ಅಜ್ಜ ಅಜ್ಜಿಯ ಹತ್ತಿರ ಇದ್ದಾನಲ್ಲ, ಆ ಹುಡುಗನಿಗೆ ವಿಸಿಟರ್ ವೀಸಾ ಮಾಡಿಸಿ ಬೇಸಿಗೆ ರಜೆಗೆ ಅಮೆರಿಕಕ್ಕೆ ಕರೆಸಿಕೊಳ್ಳುತ್ತೇವೆ ಅಂದೆ. ಸಂತೋಷ ಆಯಿತು. ಅದರ ಹಿಂದೆಯೇ "ಒಂದ್ಸಲ ಬಂದುಬಿಡ್ಲಿ ದೊಡ್ಡಪ್ಪ, ಮಿಕ್ಕಿದ್ದು ಇಲ್ಲೇ ನೋಡ್ಕೊಳೋಣ" ಅಂದೆ. ಆ ಎರಡನೇ ಮಾತು ನನ್ನ ನಿದ್ದೆ ಕೆಡಿಸಿತು.

ಕಳೆದ ವಾರ ಮಂಡ್ಯಕ್ಕೆ ಬೀಗರ ಮನೆಗೆ ಹೋಗಿದ್ದೆ. ರಾತ್ರಿ ಎಂಟೂವರೆಗೆ ನಿಮ್ಮ ವಿಡಿಯೋ ಕಾಲ್ ಬರುತ್ತದಲ್ಲ, ಆಗ ಆ ಕಡೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲ. ಅಜ್ಜಿ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಇಡುತ್ತಾರೆ. ಹುಡುಗ ಅಂಗಿ ಬದಲಾಯಿಸಿಕೊಂಡು ಬಂದು ಕೂರುತ್ತಾನೆ. ಅವನು ಅಮ್ಮನ ಹತ್ತಿರ ಮಾತಾಡುವುದು ಕಡಿಮೆ, ನೋಡುವುದೇ ಜಾಸ್ತಿ. ಕಾಲ್ ಮುಗಿದ ಮೇಲೆ ಹಳೇ ಅಂಗಿ ಹಾಕಿಕೊಂಡು ಮುದ್ದೆಗೆ ಕೂತ. ಊಟದ ನಡುವೆ ಕೇಳಿದ: "ಮೈಸೂರ್ ತಾತ, ವೀಸಾದವರು ಯಾಕೆ ಹೋಗ್ತಿದೀಯ ಅಂದ್ರೆ ಏನ್ ಹೇಳ್ಬೇಕು?"

"ಅಮ್ಮನ್ನ ನೋಡೋಕೆ ಅನ್ನು" ಅಂದೆ.

"ಎಷ್ಟು ದಿನಕ್ಕೆ ಅಂದ್ರೆ?"

ನಾನು ಸಾರು ಬಡಿಸಿಕೊಂಡೆ. ನನ್ನ ಹತ್ತಿರ ಉತ್ತರ ಇರಲಿಲ್ಲ ಪುಟ್ಟು. ನಿನ್ನ ಹತ್ತಿರ ಇದೆಯಾ?

ವಿಸಿಟರ್ ವೀಸಾದ ಪೂರ್ತಿ ವ್ಯವಹಾರ ನಿಂತಿರುವುದೇ ಆ ಹುಡುಗನ ಎರಡನೇ ಪ್ರಶ್ನೆಯ ಮೇಲೆ. ನಿಮ್ಮ ದೇಶದ ವಲಸೆ ಕಾನೂನಿನಲ್ಲಿ 214(ಬಿ) ಅಂತ ಒಂದು ಕಲಮು ಇದೆ. ಬಿ-2 ವೀಸಾಕ್ಕೆ, ಅಂದರೆ ಈ ವಿಸಿಟರ್ ವೀಸಾಕ್ಕೆ, ಬರುವ ಪ್ರತಿಯೊಬ್ಬನನ್ನೂ ಅಲ್ಲೇ ಉಳಿದುಬಿಡುವವನು ಅಂತಲೇ ಅದು ಮೊದಲು ಎಣಿಸುತ್ತದೆ. ಇಲ್ಲ ಸ್ವಾಮಿ, ವಾಪಸ್ ಬರುತ್ತೇನೆ ಅಂತ ತೋರಿಸಿಕೊಡಬೇಕಾದ್ದು ಅರ್ಜಿ ಹಾಕಿದವನ ಕೆಲಸ. ಅರ್ಜಿ ಹಾಕಿದವನು ಅಂದರೆ ಹುಡುಗ, ನೀನಲ್ಲ. ನಿನ್ನ ಸಂಬಳದ ಚೀಟಿ, ಮನೆ, ನೀನು ಬರೆದುಕೊಡುವ ಆಹ್ವಾನ ಪತ್ರ ಎಲ್ಲ ಖರ್ಚಿಗೆ ಯಾರು ಅನ್ನುವುದಕ್ಕೆ ಉತ್ತರ. ಅವನು ಯಾಕೆ ವಾಪಸ್ ಬರುತ್ತಾನೆ ಅನ್ನುವುದಕ್ಕೆ ಅಲ್ಲ. ಅಮ್ಮ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಹಿಡಿದು ಅಲ್ಲಿದ್ದಾಳೆ, ಹದಿನಾಲ್ಕು ವರ್ಷದ ಮಗ ಇಲ್ಲಿದ್ದಾನೆ. ವೀಸಾ ಕಿಟಕಿಯ ಆ ಕಡೆ ಅಧಿಕಾರಿಯಾಗಿ ನೀನೇ ಕೂತಿದ್ದರೆ ಏನಂದುಕೊಳ್ಳುತ್ತಿದ್ದೆ?

ನಿನ್ನ ಸ್ನೇಹಿತರು ಯಾರೋ ಹೇಳಿದರಂತೆ, ಬಂದ ಮೇಲೆ ಅಲ್ಲೇ ಗ್ರೀನ್ ಕಾರ್ಡ್‌ಗೆ ಹಾಕಿದರಾಯಿತು ಅಂತ. ಉಳಿಯುವ ಉದ್ದೇಶ ಮನಸ್ಸಿನಲ್ಲಿಟ್ಟುಕೊಂಡು ಕಿಟಕಿಯ ಮುಂದೆ "ನೋಡಿ ಬರುತ್ತೇನೆ" ಅಂದರೆ ಅದು ಸುಳ್ಳು. ವೀಸಾಕ್ಕಾಗಿ ಸುಳ್ಳು ಹೇಳಿದ್ದು ಗೊತ್ತಾದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಮತ್ತೆ ಆ ಸುಳ್ಳು ಹೇಳಬೇಕಾದವನು ನೀನಲ್ಲ, ಅವನು. ಅಪ್ಪ ಅಂತ ನೀನು ಅವನಿಗೆ ಕಲಿಸುವ ಮೊದಲ ಪಾಠ ಅದಾಗುವುದು ನನಗೆ ಬೇಡ.

ಈ ಗೋಜು ಶುರುವಾಗಿದ್ದೇ ಮದುವೆಯಾದ ವರ್ಷ. ನೀನು ಅಮೆರಿಕದ ಸಿಟಿಜನ್. ಸೊಸೆಗೆ ಅರ್ಜಿ ಹಾಕಿದರೆ ಮಗನೂ ಅದರ ಜೊತೆಗೇ ಬರುತ್ತಾನೆ ಅಂತ ಎಲ್ಲರೂ ತಿಳಿದೆವು. ಸಿಟಿಜನ್ ತನ್ನ ಹೆಂಡತಿಗೆ ಹಾಕುವ ಅರ್ಜಿಯಲ್ಲಿ ಮಕ್ಕಳು ಸೇರುವುದಿಲ್ಲ. ಮಗುವಿಗೆ ಬೇರೆಯದೇ ಐ-130, ಅಂದರೆ ಮನೆಯವರನ್ನು ಕರೆಸಿಕೊಳ್ಳುವ ಅರ್ಜಿ, ಹಾಕಬೇಕು. ಅದು ಗೊತ್ತಾಗುವ ಹೊತ್ತಿಗೆ ಅವಳ ವೀಸಾ ಬಂದಿತ್ತು, ಟಿಕೆಟ್ ಆಗಿತ್ತು. ಅವತ್ತು ತಪ್ಪಿದ್ದನ್ನು ಈಗ ಹಾಕು, ದಾರಿ ತೆರೆದೇ ಇದೆ. ಹುಡುಗನಿಗೆ 18 ತುಂಬುವ ಮೊದಲೇ ನಿಮ್ಮ ಮದುವೆಯಾಗಿದ್ದರೆ ಆ ಕಾನೂನು ಅವನನ್ನು ನಿನ್ನ ಮಗ ಅಂತಲೇ ನೋಡುತ್ತದೆ. ದತ್ತು ತೆಗೆದುಕೊಳ್ಳಬೇಕಿಲ್ಲ. ಅವನು ಮದುವೆಯಾಗದೆ 21ರ ಒಳಗಿದ್ದರೆ ವರ್ಷಕ್ಕೆ ಇಷ್ಟೇ ಜನ ಅನ್ನುವ ಸರದಿಯೂ ಇಲ್ಲ. ಕಾಗದಪತ್ರ ಓಡಾಡುವುದಕ್ಕೆ ಒಂದು ವರ್ಷ, ಅದರ ಮೇಲೂ ಹಿಡಿಯಬಹುದು. ಹಿಡಿಯಲಿ. ಅಷ್ಟರಲ್ಲಿ ಅವನ ಎಸ್‌ಎಸ್‌ಎಲ್‌ಸಿ ಮುಗಿಯುತ್ತದೆ.

ಆ ಫಾರ್ಮಿನಲ್ಲಿ ಅವನ ಸಂಬಂಧ ಏನು ಅಂತ ಬರೆಯುವಾಗ 'ಸ್ಟೆಪ್' ಅಂತ ಒಂದು ಪದ ಬರುತ್ತದೆ. ಅಲ್ಲಿ ಇರಲಿ ಅದು, ಇರಲೇಬೇಕು. ನಮ್ಮಲ್ಲಿ 'ಮಲಮಗ' ಅಂತಾರೆ. ಮನೆಯೊಳಗೆ ಈ ಎರಡೂ ಬರಬಾರದು. ನಿನ್ನ ದೊಡ್ಡಮ್ಮ ಒಂದು ಸಲ ಬಾಯಿತಪ್ಪಿ ಅಂದು, ಮೂರು ದಿನ ಕೊರಗಿದಳು.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಓದು. ಅಲ್ಲಿಯ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ನೀನು ಅವನಿಗೆ ಅಪ್ಪನ ಸಮಾನ. ಇಲ್ಲಿ ಹಾಗಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಇದೆಯಲ್ಲ, ಅದರ ಆರನೇ ಕಲಮಿನಲ್ಲಿ ತಂದೆ ತಾಯಿ ಅಂದರೆ ಮಲತಂದೆ ಮಲತಾಯಿ ಸೇರುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಇಲ್ಲಿ ಅವನ ಕಾಗದಕ್ಕೆ ನಿನ್ನ ಸಹಿ ನಡೆಯುವುದಿಲ್ಲ. ಸಹಿ ಬೇಕಿರುವುದು ಅವನ ಅಮ್ಮನದು, ಹೆತ್ತ ತಂದೆಯದು.

ಆ ತಂದೆಯ ಹತ್ತಿರ ಹೋಗುವುದು ನಿನಗೆ ಇಷ್ಟವಿಲ್ಲ, ಗೊತ್ತು. ವಿಚ್ಛೇದನದ ತೀರ್ಪಿನಲ್ಲಿ ಮಗ ತಾಯಿಯ ವಶಕ್ಕೆ ಅಂತ ಇದೆ ನಿಜ. ಆದರೆ ರಜೆಯಲ್ಲಿ ತಂದೆ ನೋಡಬಹುದು ಅಂತಲೂ ಅದೇ ಕಾಗದದಲ್ಲಿದೆ. ಅವನು ತಪ್ಪದೆ ಬಂದು ಹುಡುಗನನ್ನು ಕೆಆರ್‌ಎಸ್ಸಿಗೋ ರಂಗನತಿಟ್ಟಿಗೋ ಕರೆದುಕೊಂಡು ಹೋಗುತ್ತಾನೆ. ವಕೀಲರ ನೋಟಿಸ್ ಕಳಿಸಿದರೆ ಅವನು ಬಿಗಿಯಾಗುತ್ತಾನೆ. ನೀನೇ ಫೋನ್ ಮಾಡು. "ನೀವು ಒಪ್ಪಿದರೆ ಮಾತ್ರ" ಅಂತ ಮಾತು ಶುರು ಮಾಡು. ಅವನು ಒಪ್ಪಿ, ಬೇಕಾದ ಒಪ್ಪಿಗೆ ಪತ್ರಗಳನ್ನು ಬರೆದುಕೊಟ್ಟರೆ ಪಾಸ್‌ಪೋರ್ಟಿಗೂ ಆಯಿತು, ಪ್ರಯಾಣಕ್ಕೂ ಆಯಿತು, ಮುಂದಿನ ದೊಡ್ಡ ಅರ್ಜಿಗೂ ಆಯಿತು.

ಪಾಸ್‌ಪೋರ್ಟ್ ಅಂದೆನಲ್ಲ, ಅವನದನ್ನು ತೆಗೆಸಿ ನೋಡಿದೆ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು. ಡಿಸೆಂಬರಿಗೆ ಮುಗಿಯುತ್ತದೆ. ಹೊಸದು ಮಾಡಿಸಲು ಇಲ್ಲಿಗೇ ಕರೆಸುತ್ತೇನೆ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾಗಿದ್ದು ನಮ್ಮ ಮೈಸೂರಿನಲ್ಲಿ. ಇನ್ನೊಂದು ಗುಜರಾತಿನ ದಾಹೋದ್. ಹಳೇ ಅಂಚೆಯವನಿಗೆ ಇಷ್ಟಾದರೂ ಜಂಬ ಬೇಡವಾ?

ನನ್ನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಮಗಳ ಬಾಣಂತನಕ್ಕೆ ನಾವಿಬ್ಬರೂ ಅಮೆರಿಕಕ್ಕೆ ಹೊರಟಾಗ ಇಲ್ಲಿಯ ಏಜೆಂಟ್ ಒಬ್ಬ ಅರ್ಜಿ ತುಂಬಿದ. ಅಲ್ಲಿ ಹತ್ತಿರದ ಸಂಬಂಧಿಕರು ಇದ್ದಾರಾ ಅನ್ನುವ ಪ್ರಶ್ನೆಗೆ 'ಇಲ್ಲ' ಅಂತ ಹಾಕಿದ್ದ, "ಹಂಗೇ ಸುಲಭ ಸಾರ್" ಅಂತ. ನಾನು ಓದದೆ ತಲೆಯಾಡಿಸಿದೆ. ಒಂದು ಫೈಲ್ ತುಂಬ ಪಹಣಿ, ಖಾತೆ, ಪೆನ್ಷನ್ ಪುಸ್ತಕ ಹೊತ್ತುಕೊಂಡು ಹೋದೆ. ಫೈಲಿನ ದಾರ ಬಿಚ್ಚುವಷ್ಟೂ ಹೊತ್ತು ಸಿಗಲಿಲ್ಲ. ಯಾರನ್ನು ನೋಡಲು ಹೋಗುತ್ತಿದ್ದೀರಿ ಅಂದರು, ಮಗಳನ್ನು ಅಂದೆ. ಮುಂದಿದ್ದ ಕಂಪ್ಯೂಟರಿನಲ್ಲಿ ಮಗಳೇ ಇರಲಿಲ್ಲ. ವೀಸಾ ಇಲ್ಲ ಅನ್ನುವ ಚೀಟಿ ಕೈಗೆ ಬಂತು. ಮೊಮ್ಮಗುವಿಗೆ ಎರಡು ವರ್ಷ ತುಂಬಿದ ಮೇಲೆ, ನಾನೇ ಕೂತು ತುಂಬಿದ ಅರ್ಜಿಗೆ ವೀಸಾ ಸಿಕ್ಕಿತು. ಎರಡು ವರ್ಷದ ಮಗುವಿಗೆ ಎಂಥ ಬಾಣಂತನ, ನೀನೇ ಹೇಳು.

ಅದಕ್ಕೇ ಹೇಳುತ್ತೇನೆ, ಬರೀ ನೋಡಿ ಬರುವುದಕ್ಕೇ ಅಂತ ನೀವಿಬ್ಬರೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಡಿಎಸ್-160 ಅನ್ನುವ ವೀಸಾ ಅರ್ಜಿಯನ್ನು ನೀನೇ ತುಂಬು. ಅವನಿಗೆ ಇನ್ನೂ 16 ಆಗಿಲ್ಲ, ಅವನ ಪರವಾಗಿ ತಾಯಿ ಸಹಿ ಮಾಡಬಹುದು. ತಾಯಿ ಅಮೆರಿಕದಲ್ಲಿ ಇದ್ದಾಳಾ ಅಂದರೆ ಹೌದು. ವಲಸೆಗೆ ಯಾರಾದರೂ ಅರ್ಜಿ ಹಾಕಿದ್ದಾರಾ ಅಂತಲೂ ಅದರಲ್ಲೇ ಕೇಳುತ್ತಾರೆ. ಐ-130 ಹಾಕಿ ಆಗಿದ್ದರೆ ಅದಕ್ಕೂ ಹೌದು. ಆಗ ವಿಸಿಟರ್ ವೀಸಾ ಸಿಗುವುದು ಇನ್ನೂ ಕಷ್ಟ. ಎರಡು ದೋಣಿ ಮೇಲೆ ಕಾಲು ಅಂದರೆ ಇದೇ. ಶಾಲೆಯಿಂದ ಪತ್ರ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಅನ್ನುವ ಮಾತು, ವಾಪಸ್ ಟಿಕೆಟ್ಟಿನ ದಿನಾಂಕ ಜೊತೆಗಿರಲಿ. ಅಲ್ಲಿ ಶಾಲೆಗೆ ಸೇರಿಸುವ ಯೋಚನೆ ಮಾಡಲೇಬೇಡ, ಬಿ-2ರಲ್ಲಿ ಓದುವ ಹಾಗಿಲ್ಲ.

ಅರ್ಜಿ ಶುಲ್ಕ 185 ಡಾಲರ್. ವೀಸಾ ಸಿಗಲಿ ಬಿಡಲಿ, ವಾಪಸ್ ಇಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾದಾಗ ವೀಸಾ ಕೆಲಸ ಜೊತೆಗೆ ಬರಲಿಲ್ಲ, ಹಾಗಾಗಿ ನಮಗೆ ಚೆನ್ನೈಯೇ ಗತಿ. ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಸಂದರ್ಶನ. ರಾತ್ರಿ ಮಂಡ್ಯದಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೇವೆ. ಅವನ ಅಜ್ಜನ ಜೊತೆ ನಾನೂ ಹೋಗುತ್ತೇನೆ. ಏನು ಹೇಳಬೇಕು ಅಂತ ಉರು ಹೊಡೆಸುವುದು ಬೇಡ.

ನನ್ನನ್ನು ಕೇಳಿದರೆ ಐ-130 ಹಾಕು, ಈ ಬೇಸಿಗೆಗೆ ಸೊಸೆಯನ್ನು ಇಲ್ಲಿಗೆ ಕಳಿಸು. ಗ್ರೀನ್ ಕಾರ್ಡ್ ಇದ್ದವರು ಆರೆಂಟು ವಾರ ಊರಿಗೆ ಬಂದು ಹೋಗುವುದಕ್ಕೆ ಏನೂ ತೊಂದರೆಯಿಲ್ಲ. ನಿನಗೂ ರಜೆ ಸಿಕ್ಕರೆ ಒಳ್ಳೆಯದು. ಅವನು ನಿನ್ನ ಜೊತೆ ಇದುವರೆಗೆ ಒಟ್ಟು ಇದ್ದದ್ದು ಹನ್ನೊಂದು ದಿನ, ಅದರಲ್ಲಿ ನಾಲ್ಕು ಮದುವೆ ಮನೆಯಲ್ಲೇ ಹೋಯಿತು. ಅಲ್ಲಿಗೆ ಬಂದು ಇರಬೇಕಾ ಬೇಡವಾ ಅಂತ ಅವನನ್ನು ಯಾರೂ ಕೇಳಿದ ಹಾಗಿಲ್ಲ. ಆಲೆಮನೆ ಹತ್ತಿರ ಅಜ್ಜನ ಹಿಂದೆ ಸುಮ್ನೆ ಓಡಾಡಿಕೊಂಡಿರುವ ಹುಡುಗ ಅದು. ಬರುತ್ತೇನೆ ಅಂದರೂ ಸರಿ, ಪಿಯುಸಿ ಇಲ್ಲೇ ಓದುತ್ತೇನೆ ಅಂದರೂ ಸರಿ. ಕೇಳು.

ಮುಂದಿನ ಶನಿವಾರ ಅವನು ಫೋಟೋ ತೆಗೆಸಲು ನಮ್ಮಲ್ಲಿಗೆ ಬರುತ್ತಾನೆ. ಕನ್ನಡಕ ತೆಗೆದು, ಬಿಳಿ ಹಿನ್ನೆಲೆಯಲ್ಲಿ, ಎರಡು ಇಂಚು ಚೌಕ. ಯಾವುದಕ್ಕಾದರೂ ಬೇಕಾಗುತ್ತದೆ. ರಾತ್ರಿ ಇಲ್ಲೇ ಇರುತ್ತಾನೆ. ಎಂಟೂವರೆಗೆ ನೀನೊಬ್ಬನೇ ಫೋನ್ ಮಾಡು. ನನಗಲ್ಲ, ಅವನಿಗೆ.

ದೊಡ್ಡಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಆ ಕಡೆ ಬರುವವರು ಯಾರಾದರೂ ಇದ್ದರೆ ಹೇಳು, ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ