ದಾಕು ಏಳದಿದ್ದುದಕ್ಕೆ ತಾಯಂದಿರನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಸಿಡುಬಿನ ಕಾಲದ ನೆನಪು ಬಂದಾಗಲೆಲ್ಲ ‘ಮಾರಿಯ ಭಯದಿಂದ ಜನ ದಾಕು ಹಾಕಿಸಿಕೊಳ್ಳಲಿಲ್ಲ’ ಎಂಬ ಮಾತು ಇದ್ದೇ ಇರುತ್ತದೆ. ದಾಕು ಎಂದರೆ ಸಿಡುಬಿನ ಲಸಿಕೆ. ಭಯ ಇದ್ದದ್ದು ನಿಜ. ಆದರೆ ತೋಳೊಡ್ಡಿದ ಮಕ್ಕಳಿಗೂ ಎಷ್ಟೋ ಸಲ ದಾಕು ಏಳುತ್ತಿರಲಿಲ್ಲ, ಅಂದರೆ ಗುಳ್ಳೆಯೆದ್ದು ಲಸಿಕೆ ಹಿಡಿಯುತ್ತಿರಲಿಲ್ಲ.

1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಆ ರಾಜ್ಯಕ್ಕೆ ಲಸಿಕೆ ತಯಾರಾಗುತ್ತಿದ್ದುದು ಮದ್ರಾಸಿನ ಗಿಂಡಿಯಲ್ಲಿದ್ದ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಕರುವಿನ ಚರ್ಮದಿಂದ ತೆಗೆದ ಲಿಂಫಿಗೆ, ಅಂದರೆ ಗುಳ್ಳೆಯ ರಸಕ್ಕೆ, ಗ್ಲಿಸರಿನ್ ಬೆರೆಸಿದ ದ್ರವ ಅದು. ತಂಪಿನಲ್ಲಿದ್ದರೆ ಉಳಿಯುತ್ತದೆ, ಸೆಕೆಗೆ ಸಿಕ್ಕರೆ ಕೆಲವೇ ದಿನಗಳಲ್ಲಿ ಸತ್ವ ಹೋಗುತ್ತದೆ, ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಮದ್ರಾಸಿನಿಂದ ಇಲ್ಲಿಗೆ ರೈಲು, ಆಮೇಲೆ ಗುಡ್ಡದ ದಾರಿ. ಸಿಡುಬು ಹೆಚ್ಚುತ್ತಿದ್ದುದೂ ಬೇಸಗೆಯಲ್ಲೇ, ಲಿಂಫ್ ಕೆಡುತ್ತಿದ್ದುದೂ ಬೇಸಗೆಯಲ್ಲೇ.

ಹಾಕುವ ಕ್ರಮದಲ್ಲೂ ಎಡವಟ್ಟಿಗೆ ಎಡೆಯಿತ್ತು. ಚರ್ಮದ ಮೇಲೆ ಹನಿಯಿಟ್ಟು, ಹಲ್ಲುಗಳಿರುವ ಸಣ್ಣ ಬಿಲ್ಲೆಯಂಥ ಲ್ಯಾನ್ಸೆಟ್ಟನ್ನು ಒತ್ತಿ ತಿರುಗಿಸುತ್ತಿದ್ದರು. ಸ್ಪಿರಿಟಿನಲ್ಲಿ ಒರೆಸಿ ಅದು ಆರುವ ಮೊದಲೇ ಹನಿಯಿಟ್ಟರೆ ಲಸಿಕೆ ಅಲ್ಲೇ ಸಾಯುತ್ತದೆ. ಬಲವಾಗಿ ತಿರುಗಿಸಿದರೆ ಗಾಯ ದೊಡ್ಡದಾಗಿ ಕೀವು ಕಟ್ಟುತ್ತದೆ. ಮಗುವಿನ ತೋಳು ಬಾತದ್ದನ್ನು ಕಂಡ ತಾಯಿ ಮುಂದಿನ ಮಗುವನ್ನು ಅಡಗಿಸಿಟ್ಟರೆ ಅದನ್ನು ಮೂಢನಂಬಿಕೆ ಎನ್ನಬಾರದು.

ಸರಿಯಾಗಿ ಎದ್ದ ದಾಕಿನಲ್ಲಿ ಮೂರು ನಾಲ್ಕು ದಿನಕ್ಕೆ ಕೆಂಪು ಗುಳ್ಳೆ, ವಾರಕ್ಕೆ ನಡು ತಗ್ಗಿದ ನೀರುಗುಳ್ಳೆ, ಮೂರು ವಾರಕ್ಕೆ ಹಕ್ಕಳೆ ಉದುರಿ ಕುಳಿ. ಆದ್ದರಿಂದ ವಾರ ಕಳೆದು ಮತ್ತೆ ಬಂದು ನೋಡುವುದು ಹಾಕಿದಷ್ಟೇ ಮುಖ್ಯ. ನೋಡದೆ ಬಿಟ್ಟರೆ ಪುಸ್ತಕದಲ್ಲಿ ಲೆಕ್ಕ ಸರಿ, ಮಗುವಿಗೆ ರಕ್ಷಣೆ ಇಲ್ಲ. ಅಂಥ ಮಗುವಿಗೆ ಸಿಡುಬು ಬಂದರೆ ಊರಿಗೆ ದಾಕಿನ ಮೇಲೇ ನಂಬಿಕೆ ಹೋಗುತ್ತದೆ.

ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ತಿಂಗಳು ತಾಳುವ ಒಣ ಲಸಿಕೆ ಬಂತು. ದಶಕದ ಕೊನೆಯಲ್ಲಿ ಕವಲುಮೊನೆಯ ಸೂಜಿ ಬಂತು: ಒಮ್ಮೆ ಅದ್ದಿದರೆ 0.0025 ಮಿಲಿಲೀಟರ್, ಒಂದೇ ಕಡೆ 15 ಚುಚ್ಚು, ಅಷ್ಟೇ. 1975ರ ಮೇ ತಿಂಗಳ ಬಳಿಕ ದೇಶದಲ್ಲಿ ಸಿಡುಬು ಕಾಣಿಸಲಿಲ್ಲ. ಜನ ಅದೇ ಜನ. ಬದಲಾದದ್ದು ಲಸಿಕೆ, ಸೂಜಿ ಮತ್ತು ಬೆನ್ನು ಹತ್ತಿ ನೋಡುವ ಕ್ರಮ.

ಹಿರಿಯರ ನೆನಪು ಸಂಗ್ರಹಿಸುವವರು ಮಾರಿಯ ಭಯವನ್ನಷ್ಟೇ ಕೇಳದೆ ಇವನ್ನೂ ಕೇಳಲಿ: ತೋಳಿನಲ್ಲಿ ಎಷ್ಟು ಕುಳಿ, ದಾಕು ಹಾಕಿದ್ದು ಯಾವ ತಿಂಗಳು, ಹಾಕಿದವರು ವಾರ ಬಿಟ್ಟು ಮತ್ತೆ ಬಂದಿದ್ದರೇ. ಕ್ಷಯದ ಲಸಿಕೆಯಾದ ಬಿಸಿಜಿಯ ಕಲೆ ಸಾಮಾನ್ಯವಾಗಿ ಚಿಕ್ಕದು, ಒಂದೇ. ಅದನ್ನು ಇದರೊಂದಿಗೆ ಸೇರಿಸಿ ಬರೆಯಬಾರದು.

– ನಿವೃತ್ತ ಆರೋಗ್ಯ ಕಾರ್ಯಕರ್ತರು, ಕಾಸರಗೋಡು