ಯಾರನ್ನೂ ಟ್ಯಾಂಕಿಗೆ ಇಳಿಸಬೇಡ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಿತ್ತಲ ಕಡೆ ಎರಡು ಕೋಣೆ ಕಟ್ಟಿಸುವ ವಿಚಾರ ಓದಿ ಖುಷಿಯೇ ಆಯ್ತು. ಆದರೆ ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ಹಳೇ ಸೆಪ್ಟಿಕ್ ಟ್ಯಾಂಕ್ ಸಾಕಾಗುತ್ತೋ ಇಲ್ಲವೋ ನೋಡೋಕೆ ಮೇಸ್ತ್ರಿ ಒಬ್ಬ ಹುಡುಗನನ್ನು ಒಳಗೆ ಇಳಿಸಿ ಅಳತೆ ತೆಗೆಸ್ತಾನಂತೆ, ಯಾಕೋ ಭಯ ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಭಯ ಸರಿಯಾಗಿಯೇ ಇದೆ ಮಗಾ. ಇಳಿಸಬೇಡ.

ಮದುವೆಯಾದ ಹೊಸತರಲ್ಲಿ ನಾವಿದ್ದ ವಠಾರದಲ್ಲಿ ಒಂದು ಬೇಸಿಗೆ ಟ್ಯಾಂಕ್ ತೆಗೆಸಿದರು. ಚಪ್ಪಡಿ ಸರಿಸಿದ ಕೂಡಲೇ ಸ್ವಚ್ಛ ಮಾಡೋಕೆ ಬಂದ ಮನುಷ್ಯ ಬಗ್ಗಿ ಮೂಸಿ ನೋಡಿ, 'ಜಾಸ್ತಿ ವಾಸನೆ ಇಲ್ಲಮ್ಮಾ' ಅಂದ. ಲುಂಗಿ ಎತ್ತಿ ಕಟ್ಟಿ ಏಣಿ ಇಳಿದ. ತಲೆ ಕೆಳಗೆ ಹೋಗುತ್ತಿದ್ದ ಹಾಗೇ ಕೈ ಸಡಿಲವಾಯ್ತು. ಕೂಗಲೂ ಇಲ್ಲ. ಅವನನ್ನು ಎಳೆಯೋಕೆ ಜೊತೆಯವನು ಇಳಿದ. ಇಬ್ಬರೂ ಉಳಿಯಲಿಲ್ಲ. ಅವರಿಗೆ ಕುಡಿಯೋಕೆ ಅಂತ ತಂದ ಮಜ್ಜಿಗೆ ನನ್ನ ಕೈಯಲ್ಲೇ ಇತ್ತು.

ಆ ವಿಷಗಾಳಿ ಜಾಸ್ತಿ ಇದ್ದಾಗ ಮೊದಲು ಮೂಗನ್ನೇ ಸಾಯಿಸುತ್ತದೆ ಅಂತ ಆಮೇಲೆ ನಿನ್ನ ದೊಡ್ಡಪ್ಪ ಹೇಳಿದರು. ಹೈಡ್ರೋಜನ್ ಸಲ್ಫೈಡ್ ಅಂತೆ. ವಾಸನೆ ಇಲ್ಲ ಅನ್ನೋದೇ ಅಲ್ಲಿ ಧೈರ್ಯ ಕೊಡುವ ಮಾತಲ್ಲ. ಇದು ಆಗಲೇ ಗೊತ್ತಿದ್ದಿದ್ದರೆ ಏಣಿಗೆ ಅಡ್ಡ ನಿಲ್ಲುತ್ತಿದ್ದೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುತ್ತಿದ್ದರಲ್ಲ, ಅದನ್ನೇ ಇಲ್ಲೂ ಮಾಡೋಣ ಅಂದರೆ ಒಪ್ಪಬೇಡ. ಒಳಗೆ ಮೀಥೇನ್ ಇರುತ್ತದೆ, ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ ಸಹ ಹಚ್ಚಬಾರದು.

ಅಳತೆಗೆ ಒಳಗೆ ಇಳಿಯಬೇಕಾಗಿಯೂ ಇಲ್ಲ. ಉದ್ದ ಬಿದಿರಿಗೆ ಹಳೇ ಬಿಳಿ ಟವೆಲ್ ಸುತ್ತಿ, ಮುಚ್ಚಳದಿಂದ ತಳದವರೆಗೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೇಲೆ ಎತ್ತಿ. ಎಲ್ಲಿಯವರೆಗೆ ಕಪ್ಪು ಕೆಸರು ಹತ್ತಿದೆಯೋ ಅಷ್ಟು ಹೂಳು. ಎತ್ತುವಾಗಲೂ ಮುಖ ದೂರ ಇರಲಿ. ಪೈಪಿನಿಂದ ಕೊಳಚೆ ಹೀರುವ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದ ಮೇಲೆ ಉದ್ದಗಲವನ್ನೂ ಮೇಲಿನಿಂದಲೇ ಕೋಲಲ್ಲಿ ಅಳೆಯಬಹುದು. ಖಾಲಿಯಾಯ್ತಲ್ಲ, ಈಗ ಇಳಿಯಬಹುದು ಅಂತಾರೆ. ಆಗಲೂ ಬೇಡ. ತಳದಲ್ಲಿ ಉಳಿದ ಕೆಸರು ಕದಡಿದರೆ ಗಾಳಿ ಮತ್ತೆ ಏಳುತ್ತದೆ.

ಉಳಿದದ್ದು ದೊಡ್ಡಪ್ಪನಿಂದ ಕೇಳಿ ನೆನಪಿರುವಷ್ಟೇ. ಅವರಿದ್ದಿದ್ದರೆ ಕೂತು ಲೆಕ್ಕ ಹಾಕಿ ಕೊಡುತ್ತಿದ್ದರು. ಟ್ಯಾಂಕಿನ ಲೆಕ್ಕ ಕೋಣೆಯ ಮೇಲಲ್ಲ, ಬಳಸುವ ಜನರ ಮೇಲೆ. ಐದು ಜನಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಹತ್ತು ಜನಕ್ಕೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಅದಕ್ಕಿಂತ ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಗುಂಡಿ ಇದೆಯಲ್ಲ, ಆ ಇಂಗುಗುಂಡಿಯದೇ ದೊಡ್ಡ ತೊಂದರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನೆಲದ ನೀರೇ ಮೇಲೆ ಬಂದುಬಿಡುತ್ತದೆ, ಗುಂಡಿಯದು ಎಲ್ಲಿಗೆ ಇಂಗಬೇಕು? ಹೋದ ಆಷಾಢದಲ್ಲಿ ಕಕ್ಕಸಿನ ನೀರು ನಿಧಾನ ಇಳಿಯುತ್ತಿತ್ತಾ, ಹಿತ್ತಲು ಒದ್ದೆ ಇತ್ತಾ ಅಂತ ನಿನ್ನ ಅಮ್ಮನನ್ನೇ ಕೇಳು. ಬಾವಿಗೂ ಗುಂಡಿಗೂ 18 ಮೀಟರ್ ಆದರೂ ಇರಬೇಕು. ಹೊಸ ಗೋಡೆ ಟ್ಯಾಂಕಿನ ಮುಚ್ಚಳದ ಮೇಲೆ ಬಾರದಂತೆ ನೋಡಿಕೋ, ಇಲ್ಲದಿದ್ದರೆ ಗಾಡಿಯ ಪೈಪು ತಲುಪೋದಿಲ್ಲ. ಆಗ ಮತ್ತೆ ಯಾರನ್ನೋ ಇಳಿಸೋ ಮಾತೇ ಬರುತ್ತದೆ.

ಮೇಸ್ತ್ರಿ ನಕ್ಕರೆ, ಟ್ಯಾಂಕ್ ಸ್ವಚ್ಛ ಮಾಡೋಕೆ ಹಾಗೆ ಜನರನ್ನು ಇಳಿಸೋದಕ್ಕೆ ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲಿದೆ ಅಂತ ಹೇಳು. ಕಾನೂನಿಗಾದರೂ ಹೆದರಲಿ. ಆ ಹುಡುಗನಿಗೂ ಮನೆಯಲ್ಲಿ ತಾಯಿ ಇರುತ್ತಾಳಲ್ವಾ?

ಮೇಸ್ತ್ರಿ ಮುಂದಿನ ವಾರ ಬರ್ತಾನೆ ಅಂದಿದ್ದೀಯ. ಕಾಗದ ಸಿಕ್ಕ ಕೂಡಲೇ ಅವನಿಗೆ ಫೋನ್ ಮಾಡಿ ಬೇಡ ಅನ್ನು. ಆಮೇಲೆ ನನಗೂ ಒಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ