ರಿಫಂಡ್ ಹೆಚ್ಚಿಸುವ ಸಾಫ್ಟ್‌ವೇರ್ ಯಾವುದೂ ಇಲ್ಲ

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಮೊಬೈಲ್ ತುಂಬ ಒಂದೇ ಬಗೆಯ ಜಾಹೀರಾತು: ‘ನಮ್ಮಲ್ಲಿ ಫೈಲ್ ಮಾಡಿ, ಗರಿಷ್ಠ ರಿಫಂಡ್ ಪಡೆಯಿರಿ’. ರಿಫಂಡ್ ಎಂದರೆ ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸು ಬರುವುದು. ತೆರಿಗೆ ಲೆಕ್ಕವೇ ಕಸುಬಾಗಿರುವ ನಾವು ಈ ಬಗ್ಗೆ ಓದುಗರಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಕಾಯ್ದೆ ಒಂದೇ, ದರಗಳೂ ಒಂದೇ. ಅದೇ ಆದಾಯ, ಅದೇ ಟಿಡಿಎಸ್ (ಸಂಬಳ, ಬಡ್ಡಿ ಕೊಡುವವರೇ ಕಡಿತ ಮಾಡಿ ಕಟ್ಟಿದ ತೆರಿಗೆ) ತುಂಬಿದರೆ ಯಾವ ಸಾಫ್ಟ್‌ವೇರ್‌ನಲ್ಲಿ ನೋಡಿದರೂ ಉತ್ತರ ಅದೇ ಬರಬೇಕು. ಒಂದರಲ್ಲಿ ರಿಫಂಡ್ ಹೆಚ್ಚು ಕಂಡರೆ ಅದು ಏನನ್ನೋ ಕೇಳದೆ ಬಿಟ್ಟಿದೆ, ಇಲ್ಲವೇ ನೀವು ಯಾವುದೋ ಅಂಕಿಯನ್ನು ಬೇರೆ ಕಾಲಂನಲ್ಲಿ ತುಂಬಿದ್ದೀರಿ. ನಿಮ್ಮ ಆದಾಯಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಅದು ಕೇಳುತ್ತದೆಯೇ, ತಾನಾಗಿ ತುಂಬಿಕೊಂಡ ಅಂಕಿಗಳನ್ನು ತೋರಿಸಿ ತಿದ್ದಲು ಬಿಡುತ್ತದೆಯೇ ಎಂಬುದನ್ನು ನೋಡಿ ಸಾಫ್ಟ್‌ವೇರ್ ಆರಿಸಬೇಕು.

ಒಂದು ಲೆಕ್ಕ ನೋಡಿ. 2025-26ರಲ್ಲಿ ಒಬ್ಬ ನೌಕರರ ಸಂಬಳ 10,75,000 ರೂಪಾಯಿ, ತೆರಿಗೆ ಲೆಕ್ಕ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ). ಸಂಬಳದಾರರಿಗೆ ಸಿಗುವ ನಿಗದಿತ ಕಡಿತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, 75,000 ಕಳೆದರೆ 10 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000, ಉಳಿದ 2 ಲಕ್ಷಕ್ಕೆ ಶೇ 10ರಂತೆ 20,000. ಈ 40,000 ಪೂರ್ತಿ, ನಿಗದಿತ ಮಿತಿಯೊಳಗಿನ ಆದಾಯಕ್ಕೆ ತೆರಿಗೆ ಮನ್ನಾ ಮಾಡುವ 87ಎ ಸೆಕ್ಷನ್‌ನ ರಿಯಾಯಿತಿಯಲ್ಲಿ ಹೋಗುತ್ತದೆ. ಅದೇ ವ್ಯಕ್ತಿ ವರ್ಷದೊಳಗೆ ಕೊಂಡು ಮಾರಿದ ಷೇರುಗಳಿಂದ 50,000 ಲಾಭ ಮಾಡಿದ್ದಾರೆ ಎಂದುಕೊಳ್ಳಿ. ಇದಕ್ಕೆ ಶೇ 20ರ ವಿಶೇಷ ದರ, ಹೊಸ ಪದ್ಧತಿಯಲ್ಲಿ ಇದರ ಮೇಲೆ 87ಎ ಸಿಗುವುದಿಲ್ಲ. ತೆರಿಗೆ 10,000, ಸೆಸ್ 400, ಒಟ್ಟು 10,400 ಕಟ್ಟಲೇಬೇಕು. ಷೇರಿನ ವಿವರ ಕೇಳದ ಆ್ಯಪ್‌ನಲ್ಲಿ ಈ 50,000ವನ್ನು ‘ಇತರ ಆದಾಯ’ ಎಂದು ತುಂಬಿದರೆ ತೆರಿಗೆ ಸೊನ್ನೆ ಎಂದು ಬರುತ್ತದೆ. ನೋಡಿದವರಿಗೆ ಖುಷಿ. ಆದರೆ ಆ ಮಾರಾಟ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ, ಆಗಲೇ ಇರುತ್ತದೆ. ಆದಾಯ ತೆರಿಗೆ ಇಲಾಖೆ ಅದನ್ನು ರಿಟರ್ನ್ ಜೊತೆ ತಾಳೆ ನೋಡಿದಾಗ ತೆರಿಗೆಯ ಜೊತೆಗೆ ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ. ಅಷ್ಟೇ ಅಲ್ಲ, ಈ ಲಾಭವಿದ್ದವರು ಸರಳ ರಿಟರ್ನ್ ನಮೂನೆಯಾದ ಐಟಿಆರ್-1 ಬಳಸುವಂತೆಯೇ ಇಲ್ಲ, ಅವರಿಗೆ ಐಟಿಆರ್-2.

ಈ 87ಎ ವಿಷಯದಲ್ಲೇ ಇನ್ನೊಂದು ಪಾಠವಿದೆ. 2024ರ ಜುಲೈ 5ರಂದು ಇಲಾಖೆ ತನ್ನ ರಿಟರ್ನ್ ತಂತ್ರಾಂಶವನ್ನು ಬದಲಿಸಿತು. ಅಲ್ಲಿಯವರೆಗೆ ಸಿಗುತ್ತಿದ್ದ ರಿಯಾಯಿತಿ ವಿಶೇಷ ದರದ ಆದಾಯಕ್ಕೆ ಸಿಗದಂತಾಯಿತು. ಪ್ರಕರಣ ಬಾಂಬೆ ಹೈಕೋರ್ಟ್‌ಗೆ ಹೋಯಿತು, ತಡವಾದ ಮತ್ತು ಪರಿಷ್ಕೃತ ರಿಟರ್ನ್‌ಗಳ ಗಡುವು 2025ರ ಜನವರಿ 15ರವರೆಗೆ ವಿಸ್ತರಣೆಯಾಯಿತು. ಖಾಸಗಿ ಸಾಫ್ಟ್‌ವೇರ್‌ಗಳು ಕೊನೆಗೆ ಇಲಾಖೆ ನಿಗದಿ ಮಾಡಿದ ಚೌಕಟ್ಟಿನಲ್ಲೇ ಕಡತ ತಯಾರಿಸಬೇಕು. ಚೌಕಟ್ಟು ಬರುವ ಮೊದಲೇ ‘ಇಂದೇ ಫೈಲ್ ಮಾಡಿ’ ಎಂದು ಹಣ ಕಟ್ಟಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. 2025ರಲ್ಲಿ ಐಟಿಆರ್-2 ಮತ್ತು 3ರ ಎಕ್ಸೆಲ್ ತಂತ್ರಾಂಶ ಬಂದದ್ದೇ ಜುಲೈ 11ಕ್ಕೆ.

ಇನ್ನು ಯಾರಿಗೆ ಯಾವುದು ಎಂಬ ವಿಷಯ.

ಸಂಬಳ ಅಥವಾ ಪಿಂಚಣಿ, ಬ್ಯಾಂಕ್ ಬಡ್ಡಿ, ಒಂದು ಮನೆ ಇಷ್ಟೇ ಇರುವವರು ಯಾರಿಗೂ ಹಣ ಕೊಡಬೇಕಿಲ್ಲ. ಇಲಾಖೆಯ ಪೋರ್ಟಲ್‌ನಲ್ಲಿ ಆನ್‌ಲೈನ್ ಫೈಲಿಂಗ್ ಉಚಿತ, ಪ್ಯಾನ್‌ಗೆ ಸಂಬಂಧಿಸಿದ ಮಾಹಿತಿ ಬಹುಪಾಲು ಮೊದಲೇ ತುಂಬಿರುತ್ತದೆ. ಕೆಲಸ ಮಾಡಬೇಕಾದ್ದು ತುಂಬುವ ಮುಂಚೆ. ಕಂಪನಿ ಕೊಡುವ ಸಂಬಳ–ತೆರಿಗೆ ಪತ್ರವಾದ ಫಾರ್ಮ್ 16, ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿಯಾದ 26ಎಎಸ್, ಎಐಎಸ್ ಮೂರನ್ನೂ ತೆಗೆದಿಟ್ಟುಕೊಂಡು, ಉಳಿತಾಯ ಖಾತೆಯ ಬಡ್ಡಿ ಮತ್ತು ಠೇವಣಿ ಬಡ್ಡಿಯನ್ನು ಪಾಸ್‌ಬುಕ್ ಜೊತೆ ತಾಳೆ ಮಾಡಿ. ಜಂಟಿ ಖಾತೆಯ ಠೇವಣಿ ಬಡ್ಡಿ ಪೂರ್ತಿಯಾಗಿ ಮೊದಲ ಹೆಸರಿನವರ ಎಐಎಸ್‌ನಲ್ಲಿ ಬಂದು ಕೂರುವುದು ಸಾಮಾನ್ಯ. ಅದು ನಿಮ್ಮದಲ್ಲದಿದ್ದರೆ ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡುವ ಅವಕಾಶವಿದೆ. ವರ್ಷದ ನಡುವೆ ಕೆಲಸ ಬದಲಿಸಿದವರು ವಿಶೇಷವಾಗಿ ಎಚ್ಚರ ವಹಿಸಬೇಕು: ಎರಡೂ ಕಂಪನಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಕೆಳ ದರದ ಲಾಭ ಕೊಟ್ಟಿರುತ್ತವೆ. ಒಂದೇ ಫಾರ್ಮ್ 16 ಏರಿಸಿ ಮುಗಿಸಿದರೆ ರಿಫಂಡ್ ದೊಡ್ಡದಾಗಿ ಕಾಣುತ್ತದೆ, ಎರಡನೆಯದನ್ನು ಸೇರಿಸಿದರೆ ಅದೇ ಬಾಕಿ ತೆರಿಗೆಯಾಗಬಹುದು.

ಹಳೆ ಪದ್ಧತಿ, ಹೊಸ ಪದ್ಧತಿ ಎರಡರ ಲೆಕ್ಕವನ್ನೂ ಪಕ್ಕಪಕ್ಕ ತೋರಿಸುವುದು ಒಳ್ಳೆಯ ಸಾಫ್ಟ್‌ವೇರ್‌ನ ಲಕ್ಷಣ. ಕರ್ನಾಟಕದಲ್ಲಿ ಈಗ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಸಂಬಳದಲ್ಲಿ ಕಡಿತವಾಗುತ್ತದೆ, ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಇದನ್ನು ಕಳೆಯಲು ಅವಕಾಶ ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯ ಲೆಕ್ಕದಲ್ಲೂ ಅದನ್ನು ಕಳೆದು ತೋರಿಸುವ ಸಾಫ್ಟ್‌ವೇರ್ ಇದ್ದರೆ ಅದರ ಉಳಿದ ಲೆಕ್ಕವನ್ನೂ ನಂಬಬೇಡಿ. ಪರೀಕ್ಷೆ ಮಾಡಲು ಇದು ಸುಲಭದ ದಾರಿ.

ಷೇರು, ಮ್ಯೂಚುವಲ್ ಫಂಡ್ ವ್ಯವಹಾರ ಹೆಚ್ಚಿರುವವರಿಗೆ ಕ್ಲಿಯರ್‌ಟ್ಯಾಕ್ಸ್, ಕ್ವಿಕೊ ಮೊದಲಾದ ಖಾಸಗಿ ಸೇವೆಗಳು ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಬಹುದು. ಬ್ರೋಕರ್ ಕೊಡುವ ತೆರಿಗೆ ವರದಿಯನ್ನು ಅವು ನೇರವಾಗಿ ಓದಿಕೊಳ್ಳುತ್ತವೆ. ಆದರೆ ಹಣ ಕಟ್ಟುವ ಮುಂಚೆ ಎರಡು ಸಂಗತಿ ನೋಡಿ. ಮೊದಲನೆಯದು, ಲಾಭ ಯಾವ ಅವಧಿಯಲ್ಲಿ ಬಂತು ಎಂಬ ಕೋಷ್ಟಕ. ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15, ಮಾರ್ಚ್ 31 ಎಂದು ಐದು ಭಾಗವಾಗಿ ಬಂಡವಾಳ ಲಾಭವನ್ನು ಹಂಚಬೇಕು. ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ ಬೀಳುವ 234ಸಿ ಬಡ್ಡಿ ಇದನ್ನು ಆಧರಿಸಿ ಬರುತ್ತದೆ. ಮಾರ್ಚ್ 20ಕ್ಕೆ ಬಂದ ಲಾಭವನ್ನು ಮೊದಲ ಕಂತಿನಲ್ಲಿ ತುಂಬಿದರೆ ಕಟ್ಟಬೇಕಿಲ್ಲದ ಬಡ್ಡಿ ಕಟ್ಟುತ್ತೀರಿ. ಮಾರಾಟದ ದಿನಾಂಕ ನೋಡಿ ತಾನೇ ಹಂಚುವ ಸಾಫ್ಟ್‌ವೇರ್ ಆದರೆ ಹಣ ಕೊಡಬಹುದು. ಎರಡನೆಯದು, ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ ವ್ಯವಹಾರ. ಇದು ವ್ಯಾಪಾರದ ಆದಾಯ, ರಿಟರ್ನ್ ಐಟಿಆರ್-3. ಅದೇ ದಿನ ಕೊಂಡು ಮಾರುವ ಇಂಟ್ರಾಡೇ ಊಹಾತ್ಮಕ ವ್ಯಾಪಾರ, ಅದನ್ನು ಪ್ರತ್ಯೇಕವಾಗಿ ತೋರಿಸಬೇಕು. ಎರಡನ್ನೂ ಒಟ್ಟು ಸೇರಿಸಿ ಬಂಡವಾಳ ಲಾಭ ಎನ್ನುವ ಸಾಫ್ಟ್‌ವೇರ್ ಬೇಡವೇ ಬೇಡ.

ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಷೇರಿನ ದೀರ್ಘಾವಧಿ ಲಾಭ ತೋರಿಸುವ 112ಎ ಪಟ್ಟಿಗೆ ಹೆದರಿ ಹಣ ಕೊಡುವವರು ಬಹಳ. ಷೇರಿನ ಹೆಸರು, ಸಂಖ್ಯೆ, ಬೆಲೆ ಎಂದು ಒಂದೊಂದಾಗಿ ತುಂಬಬೇಕಾದ್ದು 2018ರ ಜನವರಿ 31 ಮತ್ತು ಅದಕ್ಕೂ ಮೊದಲು ಕೊಂಡವುಗಳಿಗೆ. ನಂತರ ಕೊಂಡದ್ದಕ್ಕೆ ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಸಾಕು. ಬಹುತೇಕ ಯುವ ಹೂಡಿಕೆದಾರರಿಗೆ ಹಳೆಯ ಷೇರುಗಳೇ ಇರುವುದಿಲ್ಲ.

ಬೆಂಗಳೂರಿನ ಐಟಿ ನೌಕರರಿಗೆ ಒಂದು ಮಾತು. ಅಮೆರಿಕದ ಮಾತೃ ಕಂಪನಿಯ ಷೇರು ನಿಮ್ಮ ಹೆಸರಿನಲ್ಲಿದ್ದರೆ, ಮಾರದಿದ್ದರೂ, ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು, ಅದೂ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ. ಐಟಿಆರ್-1ರಲ್ಲಿ ಈ ಪಟ್ಟಿಯೇ ಇಲ್ಲ. ಅಮೆರಿಕದಲ್ಲಿ ಕಡಿತವಾದ ತೆರಿಗೆಯನ್ನು ಇಲ್ಲಿ ಹೊಂದಿಸಿಕೊಳ್ಳಲು ಫಾರ್ಮ್ 67 ಬೇಕು. ‘ವಿದೇಶಿ ಷೇರು ಇದೆಯೇ’ ಎಂದು ಆರಂಭದಲ್ಲೇ ಕೇಳದ ಆ್ಯಪ್ ನಿಮ್ಮದಲ್ಲ.

ಸಣ್ಣ ವ್ಯಾಪಾರಿಗಳ ವಿಷಯಕ್ಕೆ ಬಂದರೆ, ಇಲ್ಲಿ ನಡೆಯುತ್ತಿರುವ ತಪ್ಪು ನಮ್ಮನ್ನು ಹೆಚ್ಚು ಕಾಡುತ್ತದೆ. ಕಾಯ್ದೆಯ 44ಎಡಿ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ ಇಡದೆ ಅಂದಾಜು ಲಾಭ ತೋರಿಸುವವರಿಗೆ ಬ್ಯಾಂಕ್, ಚೆಕ್, ಯುಪಿಐ ಮೂಲಕ ಬಂದ ವಹಿವಾಟಿಗೆ ಶೇ 6, ನಗದಿಗೆ ಶೇ 8 ಲಾಭ ಎಂದು ಲೆಕ್ಕ. ಒಂದು ಕಿರಾಣಿ ಅಂಗಡಿಯ ವಹಿವಾಟು 1.8 ಕೋಟಿ, ಅದರಲ್ಲಿ 1.2 ಕೋಟಿ ಬ್ಯಾಂಕಿಗೆ ಬಂದದ್ದು, 60 ಲಕ್ಷ ನಗದು. ಲಾಭ 7.2 ಲಕ್ಷ, ಜೊತೆಗೆ 4.8 ಲಕ್ಷ, ಒಟ್ಟು 12 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ 2025-26ಕ್ಕೆ ಹೊಸ ಪದ್ಧತಿಯಲ್ಲಿ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ವಹಿವಾಟನ್ನು ಒಂದೇ ಅಂಕಿಯಾಗಿ ಕೇಳಿ ಎಲ್ಲಕ್ಕೂ ಶೇ 8 ಹಾಕುವ ಸಾಫ್ಟ್‌ವೇರ್‌ನಲ್ಲಿ ಲಾಭ 14.4 ಲಕ್ಷ, ತೆರಿಗೆ ಸೆಸ್ ಸೇರಿ 99,840 ರೂಪಾಯಿ! ಒಂದೇ ಒಂದು ಕಾಲಂ ಬಿಟ್ಟದ್ದಕ್ಕೆ ಇಷ್ಟು ನಷ್ಟ. ಹೀಗಾಗಿ ರಿಟರ್ನ್‌ನ ಸಾಫ್ಟ್‌ವೇರ್‌ಗಿಂತ ದಿನದ ಬಿಲ್ ಬರೆಯುವ ಸಾಫ್ಟ್‌ವೇರ್ ಮುಖ್ಯ. ನಗದು ಎಷ್ಟು, ಯುಪಿಐ ಎಷ್ಟು ಎಂದು ಬಿಲ್ಲಿನಲ್ಲೇ ಬೇರ್ಪಡದಿದ್ದರೆ ವರ್ಷದ ಕೊನೆಗೆ ಯಾವ ಆಡಿಟರೂ ಅದನ್ನು ಸೃಷ್ಟಿಸಲಾರರು.

2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಚಹಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಉತ್ತರ ಬರೆಯಲು ಕಷ್ಟಪಟ್ಟವರು ಇಂಥ ದಾಖಲೆ ಇಲ್ಲದವರೇ. ಖಾತೆಗೆ ಬಂದದ್ದೆಲ್ಲ ವಹಿವಾಟಲ್ಲ, ಅದರಲ್ಲಿ ಮನೆಯ ಹಣ, ಸಾಲ, ತೆರಿಗೆ ಇಲ್ಲದ ಹಾಲು ತರಕಾರಿಯ ಮಾರಾಟವೂ ಇರುತ್ತದೆ. ಆದರೆ ಹಾಗೆಂದು ತೋರಿಸಲು ಬಿಲ್ ಬೇಕು. ಅಂಗಡಿಗೆ ಪ್ರತ್ಯೇಕ ಖಾತೆ, ಪ್ರತ್ಯೇಕ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಟ್ಯಾಲಿ, ವ್ಯಾಪಾರ್, ಜೋಹೊ ಬುಕ್ಸ್, ಬ್ಯುಸಿ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಉತ್ತರ ಹೀಗೆ. ದಾಸ್ತಾನು ಹೆಚ್ಚು, ಲೆಕ್ಕ ಬರೆಯುವ ಗುಮಾಸ್ತರಿದ್ದಾರೆ ಎಂದರೆ ಟ್ಯಾಲಿ, ಏಕೆಂದರೆ ಅದು ಗೊತ್ತಿರುವವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಮಾಲೀಕರೇ ಮೊಬೈಲ್‌ನಲ್ಲಿ ಬಿಲ್ ಹಾಕುವ ಅಂಗಡಿಗೆ ವ್ಯಾಪಾರ್‌ನಂಥದ್ದು ಸಾಕು. ಸೇವೆ ಕೊಡುವವರು, ಹಲವು ಕಡೆಯಿಂದ ಲೆಕ್ಕ ನೋಡಬೇಕಾದವರಿಗೆ ಜೋಹೊದಂಥ ಕ್ಲೌಡ್ ಸಾಫ್ಟ್‌ವೇರ್ ಅನುಕೂಲ, ಆದರೆ ಚಂದಾ ನಿಲ್ಲಿಸಿದ ಮೇಲೆ ಹಳೆಯ ಲೆಕ್ಕ ಹೊರತೆಗೆಯುವ ದಾರಿ ಮೊದಲೇ ಕೇಳಿಕೊಳ್ಳಿ. ವಿನ್‌ಮನ್, ಕಂಪ್ಯುಟ್ಯಾಕ್ಸ್, ಜೀನಿಯಸ್ ಮುಂತಾದವು ನೂರಾರು ಜನರ ರಿಟರ್ನ್ ನೋಡುವ ಆಡಿಟರ್ ಕಚೇರಿಗಳಿಗೆ ಮಾಡಿದವು. ಒಬ್ಬರ ರಿಟರ್ನ್‌ಗಾಗಿ ಅವನ್ನು ಕೊಳ್ಳುವುದು ದುಂದು.

ಜಿಎಸ್‌ಟಿಯಲ್ಲಿ ಸಾಫ್ಟ್‌ವೇರ್ ಅಳೆಯಲು ದರ ಬದಲಾವಣೆಯ ದಿನವೇ ಸರಿಯಾದ ಪರೀಕ್ಷೆ. 2025ರ ಸೆಪ್ಟೆಂಬರ್ 22ರಂದು ಶೇ 12ರಲ್ಲಿದ್ದ ಬಹುಪಾಲು ಸರಕು ಶೇ 5ಕ್ಕೆ ಇಳಿಯಿತು. ಸರಕಿನ ಮೂಲ ಪಟ್ಟಿಯಲ್ಲಿ (ಮಾಸ್ಟರ್) ‘ಈ ದಿನಾಂಕದಿಂದ ಈ ದರ’ ಎಂದು ಬರೆಯಲು ಬರುವ ಸಾಫ್ಟ್‌ವೇರ್‌ನಲ್ಲಿ ಹಳೆಯ ಬಿಲ್ ಹಾಗೇ ಉಳಿದು ಹೊಸದು ಹೊಸ ದರದಲ್ಲಿ ಬಂತು. ದರವನ್ನೇ ಅಳಿಸಿ ಬರೆಯುವಂಥದ್ದರಲ್ಲಿ, ಸೆಪ್ಟೆಂಬರ್ 10ರ ಬಿಲ್ಲಿನ ಮಾಲು ವಾಪಸು ಬಂದಾಗ ಗ್ರಾಹಕರಿಗೆ ಕೊಡುವ ಜಮಾ ಚೀಟಿ, ಅಂದರೆ ಕ್ರೆಡಿಟ್ ನೋಟ್, ಶೇ 5ರಲ್ಲಿ ಹೋಯಿತು. ಅದು ಮೂಲ ಬಿಲ್ಲಿನ ಶೇ 12ರಲ್ಲೇ ಹೋಗಬೇಕಿತ್ತು. ದರ ಬದಲಿಸಲು ಮರೆತವರ ಕಥೆ ಇನ್ನೂ ಕೆಟ್ಟದ್ದು, ಗ್ರಾಹಕರಿಂದ ಶೇ 12 ವಸೂಲಿ ಮಾಡಿದ್ದರೆ ಅಷ್ಟನ್ನೂ ಸರ್ಕಾರಕ್ಕೆ ಕಟ್ಟಬೇಕು.

2025ರ ಜುಲೈ ತಿಂಗಳ ರಿಟರ್ನ್‌ನಿಂದ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ತೆರಿಗೆ, ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಹಾಗೇ ಬಂದು ಕೂರುತ್ತದೆ, ಅಲ್ಲಿ ತಿದ್ದುವಂತಿಲ್ಲ. ತಪ್ಪಿದ್ದರೆ 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಮೂಲಕ ಸರಿಪಡಿಸಬೇಕು. ಆದ್ದರಿಂದ ನಿಮ್ಮ ಸಾಫ್ಟ್‌ವೇರ್ 1ಎ ಕಡತ ತಯಾರಿಸುತ್ತದೆಯೇ, ಪ್ರತಿ ತಿಂಗಳು 14ಕ್ಕೆ ಬರುವ, ನಿಮ್ಮ ಖರೀದಿಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದ ಜೊತೆ ಬಿಲ್ ಸಂಖ್ಯೆಯವರೆಗೆ ತಾಳೆ ಮಾಡುತ್ತದೆಯೇ ಎಂದು ಮಾರಾಟಗಾರರ ಎದುರೇ ಮಾಡಿಸಿ ನೋಡಿ. ‘ಎಲ್ಲ ಆಗುತ್ತೆ ಸಾರ್’ ಎಂಬ ಮಾತಿಗೆ ಒಪ್ಪಬೇಡಿ. ಹಳೆಯ ಒಂದು ತಿಂಗಳ ನಿಮ್ಮದೇ ಕಡತ ಕೊಟ್ಟು ಮಾಡಿಸಿ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬೇರೆ. 2025-26ರ ಆದಾಯಕ್ಕೆ ಮಾತ್ರ 1961ರ ಕಾಯ್ದೆಯೇ ಅನ್ವಯ. ಎರಡನ್ನೂ ಬೇರೆಬೇರೆಯಾಗಿ ನಿಭಾಯಿಸುವ ಆವೃತ್ತಿ ಇದೆಯೇ ಎಂದು ನೋಡದೆ ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ.

ಕೊನೆಯದಾಗಿ ಪಾಸ್‌ವರ್ಡ್. ಸೈಬರ್ ಸೆಂಟರ್‌ನಲ್ಲೋ ಪರಿಚಯದವರ ಬಳಿಯೋ ರಿಟರ್ನ್ ಮಾಡಿಸಿದಾಗ ಅವರದೇ ಮೊಬೈಲ್ ಸಂಖ್ಯೆ, ಇ-ಮೇಲ್ ಪೋರ್ಟಲ್‌ನಲ್ಲಿ ಸೇರಿರುತ್ತದೆ. ಇಲಾಖೆಯ ನೋಟಿಸ್ ಅವರಿಗೆ ಹೋಗುತ್ತದೆ, ನಿಮಗೆ ತಿಳಿಯುವ ಹೊತ್ತಿಗೆ ಗಡುವು ಮೀರಿರುತ್ತದೆ. ದೋಷಪೂರಿತ ರಿಟರ್ನ್ ಎಂಬ 139(9) ನೋಟಿಸ್‌ಗೆ ಸಿಗುವ ಸಮಯ 15 ದಿನ. ಇಂದೇ ಪ್ರೊಫೈಲ್ ತೆರೆದು ಸಂಪರ್ಕ ವಿವರ ನಿಮ್ಮದೇ ಇದೆಯೇ ನೋಡಿ. ಇಲಾಖೆಯಲ್ಲಿ ನೋಂದಾಯಿತವಾದ ಸೇವೆಗಳು ನಿಮ್ಮ ಒಟಿಪಿ ಪಡೆದು ಒಪ್ಪಿಗೆಯ ಮೇಲೆ ಕೆಲಸ ಮಾಡಬಲ್ಲವು, ಪಾಸ್‌ವರ್ಡ್ ಬರೆದುಕೊಡಬೇಕಿಲ್ಲ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಿ, ಆಧಾರ್ ಒಟಿಪಿಯಿಂದ ಆದರೆ ಎರಡು ನಿಮಿಷದ ಕೆಲಸ. ಸ್ವೀಕೃತಿ, ಜೆಸನ್ ಕಡತ (ರಿಟರ್ನ್‌ನ ಕಂಪ್ಯೂಟರ್ ಪ್ರತಿ), ಲೆಕ್ಕದ ಹಾಳೆ ಮೂರನ್ನೂ ನಿಮ್ಮ ಬಳಿ ಉಳಿಸಿಕೊಳ್ಳಿ, ಮುಂದಿನ ವರ್ಷ ಸಾಫ್ಟ್‌ವೇರ್ ಬದಲಿಸುವಾಗ ಬೇಕಾಗುವುದು ಇವೇ.

ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ತುಂಬುವಾಗ ಕೆಂಪು ಅಕ್ಷರದಲ್ಲಿ ಬರುವ ತಪ್ಪಿನ ಸೂಚನೆಗಳನ್ನಾದರೂ ಕನ್ನಡದಲ್ಲಿ ಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಇಲಾಖೆಯನ್ನು ಒತ್ತಾಯಿಸುತ್ತೇವೆ. ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯೂ ಜಿಎಸ್‌ಟಿ ಬಿಲ್ಲಿನ ಒಂದು ಮಾದರಿಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಎಪಿಎಂಸಿ, ವರ್ತಕರ ಸಂಘಕ್ಕೆ ಕಳಿಸಲಿ.

ಇಂತಿ,
ತೆರಿಗೆ ಸಲಹೆಗಾರರ ಬಳಗ, ಹಾಸನ